ಕೆಂಪು ಮುಚ್ಚಳದ ಸಿರಿಂಜು

ಗೌರಿ ಹಬ್ಬಕ್ಕೆ ದೇವನಹಳ್ಳಿಯಿಂದ ದೊಡ್ಡಬಳ್ಳಾಪುರದ ಮನೆಗೆ ಹೋಗಿದ್ದೆ. ತೂಕ ಇಳಿಸೋಕೆ ಡಾಕ್ಟರು ಬರೆದುಕೊಟ್ಟ ಟಿರ್ಜೆಪಟೈಡ್‌ನ ಎರಡು ಪುಟ್ಟ ಸೀಸೆ ಬ್ಯಾಗಿನಲ್ಲಿತ್ತು. ಫ್ರಿಡ್ಜ್‌ನಲ್ಲಿ ಜಾಗ ಹುಡುಕುತ್ತಿದ್ದಾಗ ಹಿಂದಿನಿಂದ ಅಕ್ಕ ಬಂದಳು.

"ಅದೇನಾ ಆ ಇಂಜೆಕ್ಷನ್ನು? ನಂಗೂ ಒಂದು ಕೊಡೋ. ಅಪ್ಪನ ಸಿರಿಂಜ್ ಇದೆಯಲ್ಲ, ನಾನೇ ಹಾಕ್ಕೋತೀನಿ."

ಕೊಡಲ್ಲ ಅಂದೆ. ಮುಖ ಊದಿಸಿಕೊಂಡು ಹೋದಳು. ಸೀರೆ ಕೇಳಿದರೆ ಕೊಡಬಹುದು, ಇದನ್ನು ಹೇಗೆ ಕೊಡೋದು? ಅವಳಿಗೆ ಅವತ್ತು ಸರಿಯಾಗಿ ಹೇಳೋಕಾಗಲಿಲ್ಲ. ಇಲ್ಲಿ ಹೇಳ್ತೀನಿ.

ಅಪ್ಪನ ಸಿರಿಂಜಿಗೆ ಕೆಂಪು ಮುಚ್ಚಳ. ಅದರ ಹಿಂದೆ ನೂರು ವರ್ಷದ ಕತೆ ಇದೆ. 1921ರಲ್ಲಿ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇನ್ಸುಲಿನ್ ಬೇರ್ಪಡಿಸಿದರು. 1922ರ ಜನವರಿಯಲ್ಲಿ 14 ವರ್ಷದ ಹುಡುಗನಿಗೆ ಮೊದಲ ಬಾರಿ ಚುಚ್ಚಿದರು. ಶುರುವಿನಲ್ಲಿ ಒಂದು ಎಂ.ಎಲ್.ನಲ್ಲಿ 10, 20 ಯೂನಿಟ್ ಇರುತ್ತಿತ್ತು. ಆಮೇಲೆ 40, 80 ಬಂದವು. ಒಂದೊಂದಕ್ಕೂ ಒಂದೊಂದು ಸಿರಿಂಜು, ಜನ ಅದಲುಬದಲು ಮಾಡಿಕೊಂಡು ಒದ್ದಾಡಿದರು. 1970ರ ದಶಕದಲ್ಲಿ ಅಮೆರಿಕ ಎಲ್ಲವನ್ನೂ 100ಕ್ಕೆ ತಂದು ಗೊಂದಲ ಮುಗಿಸಿತು. ನಮ್ಮಲ್ಲಿ ಸೀಸೆಯ ಇನ್ಸುಲಿನ್ 40ರಲ್ಲೇ ಉಳಿಯಿತು. ಹಾಗಾಗಿ ನಮ್ಮ ಮೆಡಿಕಲ್ ಶಾಪುಗಳಲ್ಲಿ ಈಗಲೂ ಎರಡು ಥರದ ಸಿರಿಂಜು: ಕೆಂಪು ಮುಚ್ಚಳದ್ದು 40ರದ್ದು, ಕಿತ್ತಳೆ ಮುಚ್ಚಳದ್ದು 100ರದ್ದು.

2025ರ ಮಾರ್ಚಿನಲ್ಲಿ ಮೌಂಜಾರೊ ಭಾರತಕ್ಕೆ ಬಂದಾಗ ಪೆನ್ನಿನಲ್ಲಿ ಬರಲಿಲ್ಲ, ಸೀಸೆಯಲ್ಲಿ ಬಂತು. ಒಂದು ಸೀಸೆ ಒಂದು ಸಲಕ್ಕೆ, ಅರ್ಧ ಎಂ.ಎಲ್. ಆ ಅರ್ಧ ಎಂ.ಎಲ್. ಅಂದರೆ ಕಿತ್ತಳೆ ಸಿರಿಂಜಿನಲ್ಲಿ 50ರ ಗೆರೆ, ಕೆಂಪಿನಲ್ಲಿ 20ರ ಗೆರೆ. ಒಂದೇ '20' ಅನ್ನೋ ಗೆರೆ ಕೆಂಪಿನಲ್ಲಿ ಕಿತ್ತಳೆಯ ಎರಡೂವರೆ ಪಟ್ಟು ಔಷಧಿ ಎಳೆಯುತ್ತೆ. ಯಾರದೋ ವಿಡಿಯೋ ನೋಡಿ "ಇಷ್ಟು ಯೂನಿಟ್" ಅಂತ ಎಳೆದುಕೊಳ್ಳೋದು ಅಪಾಯ ಅನ್ನೋದು ಇದಕ್ಕೇ. 2024ರ ಜುಲೈನಲ್ಲಿ ಅಮೆರಿಕದ ಎಫ್‌ಡಿಎ ಕೊಟ್ಟ ಎಚ್ಚರಿಕೆಯೂ ಇದೇ ಜಾತಿಯದು. ಅಲ್ಲಿ ಫಾರ್ಮಸಿಗಳು ತಾವೇ ತಯಾರಿಸಿದ ಸೆಮಾಗ್ಲುಟೈಡ್ ಸೀಸೆಯಿಂದ ಕೆಲವರು 5ರಿಂದ 20 ಪಟ್ಟು ಡೋಸ್ ಎಳೆದುಕೊಂಡು ಆಸ್ಪತ್ರೆ ಸೇರಿದ್ದರು.

ಸರಿ, ಹೆಚ್ಚಾಯ್ತು ಅಂತಲೇ ಇಟ್ಕೊಳ್ಳಿ, ನಾಳೆ ಇಳಿದುಹೋಗಲ್ವಾ? ಇಲ್ಲ. ಇಲ್ಲೇ ಇರೋದು ಈ ಔಷಧಿಯ ನಿಜವಾದ ಇತಿಹಾಸ.

ನಾವು ಉಂಡಾಗ ಕರುಳಿನಿಂದ ಜಿಎಲ್‌ಪಿ-1 ಅನ್ನೋ ಹಾರ್ಮೋನ್ ಹೊರಡುತ್ತೆ. ಹೊಟ್ಟೆ ತುಂಬ್ತು ಅಂತ ಮೆದುಳಿಗೆ ತಿಳಿಸುತ್ತೆ, ಹೊಟ್ಟೆ ಖಾಲಿಯಾಗೋದನ್ನು ನಿಧಾನ ಮಾಡುತ್ತೆ. ಆದರೆ ರಕ್ತದಲ್ಲಿ ಅದರ ಆಯುಸ್ಸು ಒಂದೆರಡು ನಿಮಿಷ. 1990ರ ದಶಕದ ಆರಂಭದಲ್ಲಿ ನ್ಯೂಯಾರ್ಕಿನ ಜಾನ್ ಎಂಗ್ ಎಂಬ ವೈದ್ಯರು ಗಿಲಾ ಮಾನ್‌ಸ್ಟರ್ ಅನ್ನೋ ವಿಷದ ಹಲ್ಲಿಯ ಜೊಲ್ಲಿನಲ್ಲಿ ಹೆಚ್ಚು ಹೊತ್ತು ಉಳಿಯೋ ಅಂಥದ್ದೇ ಒಂದು ವಸ್ತು ಕಂಡರು. ಅದರಿಂದ 2005ರಲ್ಲಿ ದಿನಕ್ಕೆರಡು ಸಲ ಚುಚ್ಚುವ ಔಷಧಿ ಬಂತು. ಆಮೇಲೆ ದಿನಕ್ಕೊಂದು, ಆಮೇಲೆ ವಾರಕ್ಕೊಂದು. ಸೆಮಾಗ್ಲುಟೈಡ್ ಅರ್ಧಕ್ಕಿಳಿಯೋಕೆ ಸುಮಾರು 7 ದಿನ ಬೇಕು, ಟಿರ್ಜೆಪಟೈಡ್‌ಗೆ 5 ದಿನ. ವಿಜ್ಞಾನಿಗಳ ಅಷ್ಟು ವರ್ಷದ ಶ್ರಮ ಔಷಧಿಯನ್ನು ಮೈಯಲ್ಲಿ ಉಳಿಸೋದಕ್ಕೇ ಹೋಯ್ತು. ಅದು ಉಳಿದರೆ ತಪ್ಪೂ ಉಳಿಯುತ್ತೆ.

ಇದು ನನಗೆ ಗೊತ್ತಾಗಿದ್ದು ಪುಸ್ತಕದಿಂದಲ್ಲ. 2.5 ಮಿಲಿಗ್ರಾಂನಲ್ಲಿ ನಾಲ್ಕು ವಾರ ಮುಗಿಸಿ 5ಕ್ಕೆ ಏರಿದ ಎರಡನೇ ದಿನ, ಭಾನುವಾರ, ಗೆಳೆಯರ ಜೊತೆ ಹೊಸಕೋಟೆಗೆ ನಸುಕಿನ ನಾಲ್ಕಕ್ಕೇ ಬಿರಿಯಾನಿ ತಿನ್ನೋಕೆ ಹೋದೆ. ನಾನೂ ಒಂದು ಪ್ಲೇಟ್ ಹೊಡೆದೆ. ಸಂಜೆವರೆಗೂ ವಾಂತಿ, ನೀರು ಕೂಡ ನಿಲ್ಲಲಿಲ್ಲ. ಫೋನಿನಲ್ಲಿ ಡಾಕ್ಟರು ಓಆರ್‌ಎಸ್ ಗುಟುಕು ಗುಟುಕಾಗಿ ಕುಡಿಯೋಕೆ ಹೇಳಿದರು, ಮತ್ತೆ ಒಂದೇ ಪ್ರಶ್ನೆ: "ಹೊಟ್ಟೆ ನೋವು ಬೆನ್ನಿಗೆ ಹೋಗ್ತಿದೆಯಾ?" ಹಾಗಾದರೆ ಮೇದೋಜೀರಕ ಗ್ರಂಥಿಯ ಊತ ಇರಬಹುದು, ಮನೆಯಲ್ಲಿ ಕೂರಬಾರದು, ನೇರ ಆಸ್ಪತ್ರೆಗೆ ಅಂದರು. ನನಗೆ ಹಾಗಾಗಲಿಲ್ಲ. ವಾರವೆಲ್ಲ ಮುದ್ದೆ ಸೊಪ್ಪಿನ ಸಾರಿನ ಅರ್ಧ ಊಟವೇ ಸಾಕಾಯ್ತು.

ಹಿಂದಿನ ತೂಕದ ಮಾತ್ರೆಗಳ ಕತೆ ಇನ್ನೂ ಕೆಟ್ಟದ್ದು. 1933ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಡೈನೈಟ್ರೋಫಿನಾಲ್ ಅನ್ನೋ ರಾಸಾಯನಿಕದಿಂದ ತೂಕ ಇಳಿಯುತ್ತೆ ಅಂತ ವರದಿಯಾಯ್ತು. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನ ಮದ್ದುಗುಂಡಿನ ಕಾರ್ಖಾನೆಗಳಲ್ಲಿ ಬಳಸಿದ್ದು ಅದೇ. ಚೀಟಿಯಿಲ್ಲದೇ ಸಿಗುತ್ತಿತ್ತು. ಕಣ್ಣಿಗೆ ಪೊರೆ ಬಂತು, ಮೈ ಕಾದು ಕಾದು ಕೆಲವರು ಸತ್ತರು. 1938ರ ಕಾನೂನು ಬಂದ ಮೇಲೆ ಅದು ನಿಂತಿತು. 1997ರಲ್ಲಿ ಫೆನ್‌ಫ್ಲೂರಮೈನ್ ಹೃದಯದ ಕವಾಟ ಕೆಡಿಸುತ್ತೆ ಅಂತ ಹಿಂದಕ್ಕೆ ಹೋಯ್ತು. ಹೃದಯಾಘಾತದ ಭಯಕ್ಕೆ ಸಿಬುಟ್ರಮೈನ್ 2010ರಲ್ಲಿ ಅಮೆರಿಕದಲ್ಲಿ, 2011ರಲ್ಲಿ ನಮ್ಮಲ್ಲಿ ನಿಂತಿತು. ಆದರೂ 'ಹರ್ಬಲ್' ಅಂತ ಬರೆದ ಎಷ್ಟೋ ಡಬ್ಬಿಗಳಲ್ಲಿ ಎಫ್‌ಡಿಎಗೆ ಆಮೇಲೂ ಅದೇ ಸಿಕ್ಕಿತು. ಅಕ್ಕ ಹೋದ ವರ್ಷ ತರಿಸಿದ ಹಸಿರು ಪುಡಿಯಲ್ಲಿ ಏನಿತ್ತೋ!

ಅಕ್ಕನ ವಿಷಯದಲ್ಲಿ ಇನ್ನೊಂದಿದೆ. ಶುಗರ್‌ಗೆ ಅವಳು ಗ್ಲಿಮೆಪಿರೈಡ್ ನುಂಗುತ್ತಾಳೆ. ಅದರ ಜೊತೆ ಇದು ಸೇರಿದರೆ ಶುಗರ್ ತೀರಾ ಕೆಳಗಿಳಿದು ಬೆವತು ಬೀಳಬಹುದು. ಡಾಕ್ಟರಾದರೆ ಆ ಮಾತ್ರೆಯನ್ನು ಮೊದಲು ಕಡಿಮೆ ಮಾಡುತ್ತಾರೆ. ಮನೆತನದಲ್ಲಿ ಮೆಡುಲ್ಲರಿ ಅನ್ನೋ ಥೈರಾಯ್ಡ್ ಕ್ಯಾನ್ಸರ್ ಇದ್ದರೆ ಈ ಔಷಧಿಯೇ ಬೇಡ, ಬಸುರಿಯಾಗೋ ಯೋಚನೆ ಇದ್ದರೂ ಬೇಡ. ಟಿರ್ಜೆಪಟೈಡ್ ತಗೊಳ್ಳೋರಿಗೆ ಗರ್ಭನಿರೋಧಕ ಮಾತ್ರೆ ಕೈಕೊಡಬಹುದು: ಶುರುಮಾಡಿದ ಮೇಲೆ ನಾಲ್ಕು ವಾರ, ಡೋಸ್ ಏರಿಸಿದಾಗಲೆಲ್ಲ ಮತ್ತೆ ನಾಲ್ಕು ವಾರ ಬೇರೆ ಉಪಾಯವೂ ಬೇಕು. ನನ್ನ ಆಫೀಸಿನಲ್ಲಿ ಇದು ಎಷ್ಟು ಹುಡುಗಿಯರಿಗೆ ಗೊತ್ತೋ.

ಸೀಸೆಗಳನ್ನು ಕೊನೆಗೆ ಫ್ರಿಡ್ಜ್‌ನ ನಡುವಿನ ತಟ್ಟೆಯಲ್ಲಿಟ್ಟೆ. 2ರಿಂದ 8 ಡಿಗ್ರಿ ಇರಬೇಕು. ಬಾಗಿಲಲ್ಲಿಟ್ಟರೆ ಗಳಿಗೆಗೊಮ್ಮೆ ಬಿಸಿ ತಾಗುತ್ತೆ, ಐಸ್ ಪೆಟ್ಟಿಗೆಗೆ ತಾಗಿ ಹೆಪ್ಪುಗಟ್ಟಿದರೆ ಎಸೆಯೋದೇ. ಕರೆಂಟ್ ಹೋದರೆ ಗಾಬರಿಬೇಡ, 30 ಡಿಗ್ರಿಯೊಳಗೆ 21 ದಿನ ತಡೆಯುತ್ತೆ. ಒಂದು ವಾರ ಮರೆತರೆ ನಾಲ್ಕು ದಿನದೊಳಗಾದರೆ ಹಾಕಿಕೊಳ್ಳೋದು, ದಾಟಿದರೆ ಬಿಟ್ಟು ಮುಂದಿನ ವಾರಕ್ಕೆ. ಎರಡು ಡೋಸ್ ಒಟ್ಟಿಗೆ ಯಾವತ್ತೂ ಇಲ್ಲ.

ಮಾರನೆಯ ದಿನ ಬೆಳಿಗ್ಗೆ ಅಕ್ಕನ ಮಾತ್ರೆ ಚೀಟಿಗಳನ್ನೆಲ್ಲ ಒಂದು ಕವರಿಗೆ ಹಾಕಿಸಿ, ಅವಳ ಶುಗರ್ ಡಾಕ್ಟರ ಹತ್ತಿರ ಕರಕೊಂಡು ಹೋದೆ. "ಮೊದಲು ಮೂರು ತಿಂಗಳ ಶುಗರ್ ಪರೀಕ್ಷೆ, ಕಿಡ್ನಿ ಪರೀಕ್ಷೆ ಮಾಡಿಸಿ ಬನ್ನಿ" ಅಂದರು. ವಾಪಸ್ ಬರುವಾಗ ಅಕ್ಕ ಮಾತಾಡಲಿಲ್ಲ. ಬಸ್ ಸ್ಟ್ಯಾಂಡ್ ಹತ್ತಿರ ಬಂದಾಗ ಮಾತ್ರ, "ಕಿತ್ತಳೆ ಮುಚ್ಚಳದ್ದು ಅಂದೆಯಲ್ಲ, ಅದು ಇಲ್ಲೂ ಸಿಗುತ್ತಾ?" ಅಂತ ಕೇಳಿದಳು.