ಮಧುರೆಯ ಹೆಸರು ಹೊತ್ತ ಕಾಲುರೋಗ

ಬೂಷ್ಟು ಅಂದರೆ ನಮಗೆ ನೆನಪಾಗುವುದು ಮಳೆಗಾಲದ ಉಪ್ಪಿನಕಾಯಿ ಜಾಡಿ, ಒದ್ದೆ ಗೋಡೆ, ಹೆಚ್ಚೆಂದರೆ ಹುಳುಕಡ್ಡಿ. ಶಿಲೀಂಧ್ರವೂ ಜೀವ ತೆಗೆಯುತ್ತದೆ ಅಂತ ನಮ್ಮಲ್ಲಿ ಬಹಳಷ್ಟು ಜನಕ್ಕೆ ಗೊತ್ತಾದದ್ದು 2021ರಲ್ಲಿ, ಕೋವಿಡ್‌ನ ಎರಡನೇ ಅಲೆಯ ಬೆನ್ನಿಗೆ ಮ್ಯೂಕರ್‌ಮೈಕೋಸಿಸ್ ಬಂದಾಗ. ಆ ಜುಲೈ ಹೊತ್ತಿಗೆ ದೇಶದಲ್ಲಿ 45,000ಕ್ಕೂ ಹೆಚ್ಚು ಜನಕ್ಕೆ ಅದು ತಗುಲಿತ್ತು. ಪತ್ರಿಕೆಗಳೆಲ್ಲ ಅದನ್ನು ಹೊಸ ಪಿಡುಗು ಎಂಬಂತೆ ಬರೆದವು.

ಆದರೆ ಶಿಲೀಂಧ್ರ ರೋಗ ನಮಗೆ ಹೊಸದೇ? ಖಂಡಿತ ಅಲ್ಲ. ಜಗತ್ತಿನ ವೈದ್ಯಕೀಯ ಪುಸ್ತಕಗಳಲ್ಲಿ ನಮ್ಮ ಪಕ್ಕದ ಮಧುರೆಯ ಹೆಸರಲ್ಲೇ ಒಂದು ರೋಗವಿದೆ: ಮಧುರಾ ಫೂಟ್. ಈಗಿನ ಹೆಸರು ಮೈಸಿಟೋಮಾ.

ಈ ರೋಗ ಬರುವುದು ಹೀಗೆ. ಹೊಲದಲ್ಲಿ ಬರಿಗಾಲಲ್ಲಿ ನಡೆಯುವವರಿಗೆ ಮುಳ್ಳು ಚುಚ್ಚುತ್ತದೆ. ಮುಳ್ಳಿನ ಜೊತೆ ಮಣ್ಣಿನಲ್ಲಿದ್ದ ಶಿಲೀಂಧ್ರವೂ ಒಳಗೆ ಹೋಗುತ್ತದೆ. ತಿಂಗಳುಗಳ ನಂತರ ಸಣ್ಣ ಗಂಟು ಕಾಣಿಸುತ್ತದೆ. ನೋವಿಲ್ಲ, ಹಾಗಾಗಿ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ವರ್ಷಗಳು ಕಳೆದಂತೆ ಪಾದ ಊದಿ, ಅಲ್ಲಲ್ಲಿ ತೂತು ಬಿದ್ದು, ಕೀವಿನ ಜೊತೆ ಸಣ್ಣ ಕಾಳುಗಳು ಹೊರಬರುತ್ತವೆ. ಕೊನೆಗೆ ಮೂಳೆಯನ್ನೇ ತಿನ್ನುತ್ತದೆ. ಸಂಸ್ಕೃತದ ಹಳೆಯ 'ಪಾದವಲ್ಮೀಕ', ಅಂದರೆ ಕಾಲಿನ ಹುತ್ತ, ಇದೇ ರೋಗ ಅಂತ ಇದರ ಚರಿತ್ರೆ ಬರೆದವರು ಹೇಳುತ್ತಾರೆ. ಹೆಸರಿಟ್ಟವನು ಪಾದವನ್ನು ಸರಿಯಾಗಿಯೇ ನೋಡಿದ್ದಾನೆ!

ಆಧುನಿಕ ವೈದ್ಯರಲ್ಲಿ ಇದನ್ನು ಮೊದಲು ದಾಖಲಿಸಿದವನು ಜಾನ್ ಗಿಲ್. 1842ರಲ್ಲಿ, ಮಧುರೆಯಲ್ಲಿ. ರೋಗಕ್ಕೆ ಊರಿನ ಹೆಸರು ಅಂಟಿಕೊಂಡದ್ದು ಹಾಗೆ. ಆದರೆ ಕಾರಣ ಏನು ಅಂತ ಆಗ ಯಾರಿಗೂ ಗೊತ್ತಿರಲಿಲ್ಲ.

ಅದನ್ನು ಕಂಡುಹಿಡಿದವನ ಕಥೆ ಸ್ವಾರಸ್ಯಕರವಾಗಿದೆ. 'ಗ್ರೇಸ್ ಅನಾಟಮಿ' ಎಂಬ ಪುಸ್ತಕದ ಹೆಸರು ಮೆಡಿಕಲ್ ಓದಿದವರಿಗೆಲ್ಲ ಗೊತ್ತು. 1858ರಲ್ಲಿ ಬಂದ ಅದರ ಮೊದಲ ಮುದ್ರಣಕ್ಕೆ ಚಿತ್ರ ಬರೆದವನು ಹೆನ್ರಿ ವ್ಯಾಂಡೈಕ್ ಕಾರ್ಟರ್. ಅವನಿಗೆ ಸಿಕ್ಕಿದ್ದು ಒಂದೇ ಸಲ ಕೊಟ್ಟ 150 ಪೌಂಡ್, ಅಷ್ಟೆ. ಅದೇ ವರ್ಷ ಅವನು ಮುಂಬಯಿಗೆ ಬಂದು ಗ್ರ್ಯಾಂಟ್ ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡತೊಡಗಿದ. ರೋಗ ತಿಂದ ಪಾದಗಳನ್ನು ಪರೀಕ್ಷಿಸಿ, ಕಪ್ಪು ಕಾಳುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಇದು ಶಿಲೀಂಧ್ರದ ಕೆಲಸ ಅಂತ 1860ರ ಹೊತ್ತಿಗೆ ಹೇಳಿದ. ಮೈಸಿಟೋಮಾ ಎಂಬ ಹೆಸರೂ ಅವನದೇ. 1874ರಲ್ಲಿ ಇದರ ಮೇಲೆ ಒಂದು ಪುಸ್ತಕವನ್ನೇ ಬರೆದ. ಬ್ಯಾಕ್ಟೀರಿಯಾಗಳಿಂದಲೂ ಇಂಥದೇ ರೋಗ ಬರುತ್ತದೆ ಎಂಬುದು ಆಮೇಲೆ ತಿಳಿಯಿತು. ಕಪ್ಪು ಕಾಳಿನ ಮುಖ್ಯ ಶಿಲೀಂಧ್ರದ ಈಗಿನ ಹೆಸರು ಮಧುರೆಲ್ಲಾ. ಅಲ್ಲೂ ಮಧುರೆ!

ಹೆಸರು ಸಿಕ್ಕಿತು, ಕಾರಣ ಸಿಕ್ಕಿತು. ಮುಂದೆ? ವಿಶ್ವ ಆರೋಗ್ಯ ಸಂಸ್ಥೆ ಮೈಸಿಟೋಮಾವನ್ನು ಉಪೇಕ್ಷಿತ ರೋಗಗಳ ಪಟ್ಟಿಗೆ ಸೇರಿಸಿದ್ದು 2016ರಲ್ಲಿ. ಗಿಲ್ ಬರೆದು 174 ವರ್ಷಗಳಾದ ಮೇಲೆ. ಉಪೇಕ್ಷಿತ ಅಂತ ಅನ್ನಿಸಿಕೊಳ್ಳುವುದಕ್ಕೂ ಇಷ್ಟು ಕಾಯಬೇಕಾಯಿತು ನೋಡಿ.

ಯಾಕೆ ಹೀಗೆ? ಇದು ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ, ಆದ್ದರಿಂದ ಪಟ್ಟಣದವರಿಗೆ ಹೆದರಿಕೆಯಿಲ್ಲ. ತಗುಲುವುದು ಬಡ ರೈತರಿಗೆ, ದನ ಕುರಿ ಮೇಯಿಸುವವರಿಗೆ. ಅವರು ಆಸ್ಪತ್ರೆಗೆ ಬರುವಾಗ ಕಾಲು ಉಳಿಯುವ ಹಂತ ದಾಟಿರುತ್ತದೆ. ಎಣಿಸುವವರಿಲ್ಲದ ರೋಗಕ್ಕೆ ಔಷಧ ಹುಡುಕುವವರೂ ಇಲ್ಲ. ಅದರ ಮೇಲೆ, ಶಿಲೀಂಧ್ರದ ಜೀವಕೋಶ ಬ್ಯಾಕ್ಟೀರಿಯಾಕ್ಕಿಂತ ನಮ್ಮ ಜೀವಕೋಶಕ್ಕೇ ಹೆಚ್ಚು ಹತ್ತಿರ. ಅದನ್ನು ಕೊಂದು ನಮ್ಮನ್ನು ಉಳಿಸುವ ಔಷಧ ಮಾಡುವುದು ಕಷ್ಟ. ಈಗಲೂ ಶಿಲೀಂಧ್ರದ ಮೈಸಿಟೋಮಾಕ್ಕೆ ವರ್ಷಗಟ್ಟಲೆ ಮಾತ್ರೆ ನುಂಗಬೇಕು, ಆಪರೇಷನ್ನೂ ಬೇಕಾಗಬಹುದು. ದಿನಗೂಲಿಯವರಿಗೆ ಇದು ಸಾಧ್ಯವೆ?

ಈ ರೋಗ ಅತಿ ಹೆಚ್ಚು ಕಾಡುವ ದೇಶಗಳಲ್ಲಿ ಸುಡಾನ್ ಒಂದು. ಅಲ್ಲಿನ ಖಾರ್ಟೂಮಿನಲ್ಲಿ 1991ರಲ್ಲಿ ಇದಕ್ಕಾಗಿಯೇ ಒಂದು ಸಂಶೋಧನಾ ಕೇಂದ್ರ ಶುರುವಾಯಿತು. ವಾರಕ್ಕೊಮ್ಮೆ ತೆಗೆದುಕೊಳ್ಳುವ ಹೊಸ ಔಷಧದ ಪರೀಕ್ಷೆ ನಡೆದದ್ದು ಅಲ್ಲೇ. 2023ರಲ್ಲಿ ಹೊತ್ತಿಕೊಂಡ ಯುದ್ಧದಲ್ಲಿ ಆ ಕೇಂದ್ರ ಹಾಳಾಯಿತು, ದಶಕಗಳ ದಾಖಲೆಗಳೂ ಹೋದವು.

ನಮ್ಮ ದೇಶದ ವಿಷಯಕ್ಕೆ ಬರೋಣ. 2022ರಲ್ಲಿ ಪ್ರಕಟವಾದ ಒಂದು ಅಂದಾಜಿನ ಪ್ರಕಾರ ಭಾರತದಲ್ಲಿ ಸುಮಾರು 5.7 ಕೋಟಿ ಜನಕ್ಕೆ ಗಂಭೀರವೆನ್ನಬಹುದಾದ ಶಿಲೀಂಧ್ರ ರೋಗಗಳಿವೆ. ಅಂದರೆ ನೂರರಲ್ಲಿ ನಾಲ್ಕು ಜನಕ್ಕೆ! ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆ ಗಮನ ಕೊಡಬೇಕಾದ 19 ಶಿಲೀಂಧ್ರಗಳ ಪಟ್ಟಿಯನ್ನು ಮೊದಲ ಬಾರಿಗೆ ಹೊರತಂದಿತು. ಮ್ಯೂಕರ್ ಗುಂಪು, ಮೈಸಿಟೋಮಾ ತರುವ ಶಿಲೀಂಧ್ರಗಳು ಎರಡೂ ಅದರಲ್ಲಿವೆ.

2021ರಲ್ಲಿ ಮ್ಯೂಕರ್ ಬಂದಾಗ ಪ್ರತಿ ಪ್ರಕರಣವನ್ನೂ ವರದಿ ಮಾಡಿ ಅಂತ ಕೇಂದ್ರ ಸರ್ಕಾರ ಮೇ ತಿಂಗಳಲ್ಲೇ ರಾಜ್ಯಗಳಿಗೆ ಹೇಳಿತು. ಮನಸ್ಸು ಮಾಡಿದರೆ ಎಣಿಸುವುದು ಕೆಲವು ವಾರಗಳ ಕೆಲಸ ಅನ್ನುವುದಕ್ಕೆ ಇದೇ ಸಾಕ್ಷಿ. ಆಸ್ಪತ್ರೆಯಲ್ಲಿ ಸಾಯುವವರು ಕಣ್ಣಿಗೆ ಬೀಳುತ್ತಾರೆ. ಹೊಲದಲ್ಲಿ ಕುಂಟುವವರನ್ನು ಹುಡುಕಿಕೊಂಡು ಹೋಗಬೇಕು.

ಅಲ್ಲಿಯವರೆಗೆ ನಮ್ಮ ಕೈಲಾಗುವುದು ಇಷ್ಟು. ಹೊಲಕ್ಕೆ ಹೋಗುವವರ ಕಾಲಿಗೆ ಒಂದು ಜೊತೆ ಒಳ್ಳೆಯ ಚಪ್ಪಲಿ ಇರಲಿ. ಮುಳ್ಳು ಚುಚ್ಚಿದರೆ ಸೋಪು ಹಚ್ಚಿ ತೊಳೆಯಲಿ. ಪಾದದಲ್ಲಿ ನೋವಿಲ್ಲದ ಗಂಟು ದೊಡ್ಡದಾಗುತ್ತಿದ್ದರೆ, ನೋವಿಲ್ಲವಲ್ಲ ಅಂತ ಸುಮ್ಮನಿರದೆ ಬೇಗ ಡಾಕ್ಟರಿಗೆ ತೋರಿಸಲಿ.