ಡಾ. ಮುತ್ತುಲಕ್ಷ್ಮಿ ರೆಡ್ಡಿ ಮತ್ತು ನಮ್ಮ ಬಳ್ಳಾರಿ ಸೀಮೆ

ಸುವರ್ಣ ಮಹೋತ್ಸವದ ಸಂಚಿಕೆಗೆ ಇತಿಹಾಸದ ಲೇಖನ ಬೇಕು ಎಂದು ಗುರುಗಳು ಫೋನ್ ಮಾಡಿದರು. ಬಿ.ಇ. ಓದಿ ಕಂಪ್ಯೂಟರ್ ಮುಂದೆ ಕೂತವನಿಗೆ ಇತಿಹಾಸ ಬರೆಯುವ ಅಧಿಕಾರವೇನೂ ಇಲ್ಲ. ಆದರೂ ಒಪ್ಪಿಕೊಂಡೆ. ನಮ್ಮ ಸೀಮೆಯ ಕಾನೂನಿನ ಹಿಂದೆ ನಿಂತ ಒಬ್ಬ ಡಾಕ್ಟರಮ್ಮನ ಕಥೆ ನಾವು ಓದುವಾಗ ಯಾವ ಪಾಠದಲ್ಲೂ ಬಂದಿರಲಿಲ್ಲ.

ಹಿರಿಯರಿಗೆ ನೆನಪಿರಬಹುದು, 1953ರ ಅಕ್ಟೋಬರ್ 1ರವರೆಗೆ ನಾವು ಮೈಸೂರಿನವರಲ್ಲ. ಹಡಗಲಿ, ಹರಪನಹಳ್ಳಿ, ಕೂಡ್ಲಿಗಿ ಎಲ್ಲ ಮದ್ರಾಸಿಗೆ ಸೇರಿದ್ದವು. ತುಂಗಭದ್ರೆಯ ಆಚೆ ದಂಡೆಯ ಧಾರವಾಡ ಜಿಲ್ಲೆ ಮುಂಬಯಿ ಪ್ರಾಂತ್ಯದ್ದು, ಹರಿಹರದ ಕಡೆ ಮಹಾರಾಜರದ್ದು. ಒಂದೇ ಹೊಳೆಯ ನೀರು ಕುಡಿಯುವವರಿಗೆ ಮೂರು ಸರಕಾರ. ದೇವರಿಗೆ ಹೆಣ್ಣು ಬಿಡುವ ಪದ್ಧತಿಗೂ ಮೂರು ಬಗೆಯ ಉತ್ತರ. ಮೈಸೂರು ಸರಕಾರ 1909ರಲ್ಲೇ ಮುಜರಾಯಿ ದೇವಸ್ಥಾನಗಳಲ್ಲಿ ದೇವದಾಸಿಯರ ಸೇವೆ ನಿಲ್ಲಿಸಿತು. ಮುಂಬಯಿಯಲ್ಲಿ 1934ರಲ್ಲಿ ಕಾಯಿದೆ ಬಂತು. ನಮ್ಮ ಪಾಲಿನ ಉತ್ತರ ಮದ್ರಾಸಿನ ಶಾಸನಸಭೆಯಿಂದ ಬರಬೇಕಿತ್ತು.

ಮುತ್ತುಲಕ್ಷ್ಮಿ 1886ರಲ್ಲಿ ಪುದುಕೋಟೆ ಸಂಸ್ಥಾನದಲ್ಲಿ ಹುಟ್ಟಿದರು. ತಂದೆ ನಾರಾಯಣಸ್ವಾಮಿ ಅಯ್ಯರ್ ಅಲ್ಲಿನ ಮಹಾರಾಜಾ ಕಾಲೇಜಿನ ಪ್ರಿನ್ಸಿಪಾಲರಾಗಿದ್ದವರು. ತಾಯಿ ಚಂದ್ರಮ್ಮಾಳ್ ದೇವದಾಸಿ ಹಿನ್ನೆಲೆಯ ಕುಲದವರು. ಮಗಳು ಅದೇ ಕಾಲೇಜಿಗೆ ಸೇರಲು ಹೋದಾಗ ಆಕ್ಷೇಪಣೆ ಬಂತು. ಹೆಣ್ಣು ಎಂಬುದು ಒಂದು, ಅಂಥ ತಾಯಿಯ ಮಗಳು ಎಂಬುದು ಇನ್ನೊಂದು. ಮಹಾರಾಜರೇ ಅಪ್ಪಣೆ ಕೊಟ್ಟ ಮೇಲೆ ಪ್ರವೇಶ ಸಿಕ್ಕಿತು. ಮುಂದೆ ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ 1912ರಲ್ಲಿ ಪದಕಗಳೊಡನೆ ಪಾಸಾಗಿ, ಸರಕಾರಿ ಹೆರಿಗೆ ಆಸ್ಪತ್ರೆಯ ಮೊದಲ ಮಹಿಳಾ ಹೌಸ್ ಸರ್ಜನ್ ಆದರು. 1914ರಲ್ಲಿ ಡಾ. ಸುಂದರ ರೆಡ್ಡಿಯವರನ್ನು ಮದುವೆಯಾದರು.

1926ರಲ್ಲಿ ಅವರನ್ನು ಮದ್ರಾಸ್ ಶಾಸನ ಪರಿಷತ್ತಿಗೆ ನಾಮಕರಣ ಮಾಡಲಾಯಿತು. ಬ್ರಿಟಿಷ್ ಇಂಡಿಯಾದ ಶಾಸನಸಭೆಗಳಲ್ಲಿ ಅವರೇ ಮೊದಲ ಮಹಿಳೆ. ಸಭೆ ಅವರನ್ನು ಉಪಾಧ್ಯಕ್ಷರನ್ನಾಗಿಯೂ ಆರಿಸಿತು. ಅಲ್ಲಿ ಇದ್ದದ್ದು ಮೂರು ಮೂರೂವರೆ ವರ್ಷ ಮಾತ್ರ.

ಆ ಅವಧಿಯಲ್ಲಿ ಅವರು ಬಿಚ್ಚಿದ ಒಂದು ಗಂಟಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ದೊಡ್ಡ ದೇವಸ್ಥಾನಗಳ ದೇವದಾಸಿಯರಿಗೆ ಇನಾಮು ಭೂಮಿ ಇರುತ್ತಿತ್ತು. ಸೇವೆ ಮಾಡುವಷ್ಟು ಕಾಲ ಭೂಮಿಯ ಅನುಭೋಗ, ಸೇವೆ ಬಿಟ್ಟರೆ ಭೂಮಿಯೂ ಹೋಯಿತು. ಹಾಗಾಗಿ ಬಿಡಬೇಕು ಎಂದು ಮನಸ್ಸು ಮಾಡಿದವಳಿಗೂ ಬಿಡಲಾಗುತ್ತಿರಲಿಲ್ಲ. ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಇದನ್ನು ಡಿಪೆಂಡೆನ್ಸಿ ಎನ್ನುತ್ತೇವೆ. ಒಂದನ್ನು ಕಿತ್ತರೆ ಅದಕ್ಕೆ ಆತುಕೊಂಡದ್ದೂ ಬೀಳುತ್ತದೆ, ಆದ್ದರಿಂದ ಮೊದಲು ಆ ನಂಟನ್ನು ಬಿಡಿಸಬೇಕು. ಮುತ್ತುಲಕ್ಷ್ಮಿ ಮಾಡಿದ್ದು ಅದನ್ನೇ. 1927ರಲ್ಲಿ ಪದ್ಧತಿಯ ವಿರುದ್ಧ ನಿರ್ಣಯ ತಂದರು. ಅವರ ಪ್ರಯತ್ನದಿಂದ 1929ರಲ್ಲಿ ಧಾರ್ಮಿಕ ದತ್ತಿ ಕಾಯಿದೆಗೆ ತಿದ್ದುಪಡಿಯಾಗಿ, ಸೇವೆಯ ಕಟ್ಟು ಕಳಚಿ ಭೂಮಿ ಹೆಂಗಸರ ಕೈಗೆ ಉಳಿಯಿತು.

ವಿರೋಧ ಬಂದದ್ದು ಸಂಪ್ರದಾಯಸ್ಥರಿಂದ ಮಾತ್ರವಲ್ಲ. ಮದ್ರಾಸಿನ ದೇವದಾಸಿಯರೇ ಸಂಘ ಕಟ್ಟಿ ಮನವಿ ಕೊಟ್ಟರು. ಅವರ ಮುಂದಾಳುಗಳಲ್ಲಿ ನಮ್ಮ ಬೆಂಗಳೂರು ನಾಗರತ್ನಮ್ಮನವರೂ ಇದ್ದರು, ತಿರುವಯ್ಯಾರಿನಲ್ಲಿ ತ್ಯಾಗರಾಜರ ಸಮಾಧಿಯನ್ನು ಉದ್ಧಾರ ಮಾಡಿದ ಆ ದೊಡ್ಡ ವಿದುಷಿ. ಸಂಗೀತ, ನೃತ್ಯ, ಆಸ್ತಿಯ ಹಕ್ಕು ಇರುವ ನಮ್ಮನ್ನೆಲ್ಲ ವೇಶ್ಯೆಯರೆಂದು ಕರೆಯುವುದು ಯಾವ ನ್ಯಾಯ ಎಂಬುದು ಅವರ ಅಳಲು. ಆ ಮಾತಿನಲ್ಲಿ ಸತ್ಯವಿತ್ತು. ಸುಧಾರಕರ ಭಾಷೆ ಕಟುವಾಗಿತ್ತು ಎಂದೇ ನನಗೂ ಅನ್ನಿಸುತ್ತದೆ. ಆದರೆ ನಾಗರತ್ನಮ್ಮನವರಂಥ ವಿದ್ಯೆಯಾಗಲಿ ಆಸ್ತಿಯಾಗಲಿ ಇಲ್ಲದ ಹುಡುಗಿಯ ಪರವಾಗಿ ಆ ಸಭೆಯಲ್ಲಿ ಮಾತಾಡಿದವರು ಈ ಡಾಕ್ಟರಮ್ಮ.

1930ರಲ್ಲಿ ಗಾಂಧೀಜಿಯ ಬಂಧನವನ್ನು ಪ್ರತಿಭಟಿಸಿ ರಾಜೀನಾಮೆ ಕೊಟ್ಟರು. ಮುತ್ತು ಕಟ್ಟುವುದನ್ನೇ ಅಪರಾಧವಾಗಿಸುವ ಕಾಯಿದೆ ಬರಲು 1947 ಆಗಬೇಕಾಯಿತು. ಹೀಗೆ ಬಿಟ್ಟ ಹೆಣ್ಣು ಕಾನೂನುಬದ್ಧವಾಗಿ ಮದುವೆಯಾಗಬಹುದು ಎಂದೂ ಅದರಲ್ಲಿ ಬರೆಯಲಾಯಿತು. ಅಷ್ಟರವರೆಗೆ ಅವರು ಕಾಯುತ್ತ ಕೂರಲಿಲ್ಲ. ಆ ಮನೆಗಳಿಂದ ಬಂದ ಹುಡುಗಿಯರಿಗೆ ಹಾಸ್ಟೆಲುಗಳಲ್ಲಿ ಜಾಗ ಸಿಗದಿದ್ದಾಗ ತಮ್ಮ ಮನೆಯಲ್ಲೇ ಇರಿಸಿಕೊಂಡರು. ಅದೇ ಅವ್ವೈ ಹೋಮ್ ಆಗಿ ಬೆಳೆಯಿತು. ತಂಗಿಯನ್ನು ಕ್ಯಾನ್ಸರ್ ತೆಗೆದುಕೊಂಡು ಹೋಗಿತ್ತು. ಆ ಸಂಕಟದಿಂದಲೇ ದುಡ್ಡು ಕೂಡಿಸಿ 1954ರಲ್ಲಿ ಅಡ್ಯಾರಿನಲ್ಲಿ 12 ಹಾಸಿಗೆಗಳ ಕ್ಯಾನ್ಸರ್ ಆಸ್ಪತ್ರೆ ತೆರೆದರು. 1968ರಲ್ಲಿ ತೀರಿಕೊಂಡರು.

ಇನ್ನು ನಮ್ಮ ಸೀಮೆಯ ಮಾತು. 1929ರ ತಿದ್ದುಪಡಿ ಇನಾಮು ಇದ್ದವರಿಗೆ ಭೂಮಿ ಉಳಿಸಿತು. ನಮ್ಮ ಕಡೆ ದೇವಿಗೆ ಬಿಡುತ್ತಿದ್ದದ್ದು ಹೆಚ್ಚಾಗಿ ಕೇರಿಯ ಬಡವರ ಮಕ್ಕಳನ್ನು. ಅವರಿಗೆ ಇನಾಮೂ ಇರಲಿಲ್ಲ, ಬಿಚ್ಚಲು ಗಂಟೂ ಇರಲಿಲ್ಲ. 1947ರ ಕಾಯಿದೆ ನಮಗೂ ಅನ್ವಯವಾಗುತ್ತಿತ್ತು, ಆದರೆ ಅವ್ವೈ ಹೋಮ್ ಇದ್ದದ್ದು ಮದ್ರಾಸಿನಲ್ಲಿ. 1982ರಲ್ಲಿ ಕರ್ನಾಟಕ ಸರಕಾರ ಮತ್ತೊಂದು ಕಾಯಿದೆ ಮಾಡಬೇಕಾಯಿತೆಂದರೆ ಪದ್ಧತಿ ಎಷ್ಟು ಗಟ್ಟಿಯಾಗಿ ಉಳಿದಿತ್ತು ಎಂದು ಊಹಿಸಿಕೊಳ್ಳಿ.

ನಾವು ಓದುವಾಗ ಹಾಜರಿ ಪುಸ್ತಕದಲ್ಲಿ ಕೆಲವು ಗೆಳೆಯರ ಇನಿಷಿಯಲ್ ತಾಯಿಯ ಹೆಸರಿನದಾಗಿತ್ತು. ಏಕೆಂದು ಯಾರೂ ಕೇಳುತ್ತಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು. ನಮ್ಮ ಮೇಷ್ಟ್ರುಗಳು ಹಾಜರಿ ಕೂಗುವಾಗ ಆ ಹೆಸರುಗಳನ್ನೂ ಉಳಿದ ಹೆಸರುಗಳ ಹಾಗೆಯೇ, ಅದೇ ದನಿಯಲ್ಲಿ ಕೂಗುತ್ತಿದ್ದರು. ಆ ಗೆಳೆಯರಲ್ಲಿ ಒಬ್ಬರು ಈಗ ಸರಕಾರಿ ಆಸ್ಪತ್ರೆಯಲ್ಲಿ ನರ್ಸ್.