ಪಾದಕ್ಕೆ ಬೇರೆ ಬಾಗಿಲು

1862ರ ಸೆಪ್ಟೆಂಬರ್. ಅಮೆರಿಕ ಎರಡಾಗಿ ಒಡೆದು ಬಡಿದಾಡುತ್ತಿದ್ದ ಕಾಲ. ಅಂಥ ಹೊತ್ತಿನಲ್ಲಿ ಅಧ್ಯಕ್ಷ ಅಬ್ರಹಾಂ ಲಿಂಕನ್ ಪುರುಸೊತ್ತು ಮಾಡಿಕೊಂಡು ಒಂದು ಚೀಟಿ ಬರೆದರು. ಜಕಾರೀ ಎಂಬಾತ ತಮ್ಮ ಕಾಲ್ಬೆರಳಿನ ಆಣಿಗಳನ್ನು ಬಲು ಚಾಕಚಕ್ಯತೆಯಿಂದ ತೆಗೆದಿದ್ದಾನೆ, ಈಗ ಬೆನ್ನುನೋವಿಗೂ ಕೈಹಾಕಿದ್ದಾನೆ, ಅದೇನಾಗುತ್ತದೋ ನೋಡೋಣ ಎಂಬುದು ಅದರ ಸಾರ. ಎರಡು ದಿನ ಬಿಟ್ಟು ಇನ್ನೊಂದು ಚೀಟಿ: ಪಾದಕ್ಕೆ ಮಾಡಿದ ಚಿಕಿತ್ಸೆ ಫಲ ಕೊಟ್ಟಿದೆ, ನೆಮ್ಮದಿಯಾಗಿದೆ. ಅದರ ಮೇಲಿನ ತಾರೀಖು ಸೆಪ್ಟೆಂಬರ್ 22. ಗುಲಾಮರ ವಿಮೋಚನೆಯ ಮೊದಲ ಘೋಷಣೆ ಹೊರಬಿದ್ದದ್ದೂ ಅದೇ ದಿನ.

ಐಸಕಾರ್ ಜಕಾರೀ ಇಂಗ್ಲೆಂಡಿನಲ್ಲಿ ಹುಟ್ಟಿದ ಯಹೂದಿ. ಲಿಂಕನ್ ಅವನನ್ನು ಎಷ್ಟು ನಂಬಿದರೆಂದರೆ, ಆಮೇಲೆ ತಮ್ಮ ಖಾಸಾ ದೂತನಾಗಿ ನ್ಯೂ ಆರ್ಲಿಯನ್ಸಿಗೆ ಕಳಿಸಿದರು. ಮರುವರ್ಷ ಅವನು ಶತ್ರುಗಳ ರಾಜಧಾನಿ ರಿಚ್ಮಂಡಿಗೂ ಹೋಗಿ ಸಂಧಾನದ ಮಾತಾಡಿ ಬಂದ. ರಾಜ್ಯದ ಗುಟ್ಟನ್ನು ಒಪ್ಪಿಸಬಹುದಾದ ಮನುಷ್ಯ, ಆದರೆ ವೈದ್ಯರ ಪಂಕ್ತಿಯಲ್ಲಿ ಅವನಿಗೆ ಎಲೆ ಹಾಕುವವರಿರಲಿಲ್ಲ. ಅವನು ‘ಕಿರೋಪೊಡಿಸ್ಟ್’, ಆಣಿ ತೆಗೆಯುವವನು.

ಇಂದು ಅಮೆರಿಕದಲ್ಲಿ ಪದವಿ ಮುಗಿಸಿ ಡಾಕ್ಟರಾಗಲು ಹೊರಟ ಹುಡುಗಿಯೊಬ್ಬಳು ಒಂದೇ ವರ್ಷದಲ್ಲಿ ಎರಡು ಬೇರೆ ಬೇರೆ ಕಡೆ ಅರ್ಜಿ ಹಾಕುತ್ತಾಳಲ್ಲ, ಆ ಇಕ್ಕಟ್ಟಿನ ಬೇರು ಈ ಪಂಕ್ತಿಭೇದದಲ್ಲಿದೆ. ಎಂ.ಡಿ. ಅಂದರೆ ಅಲ್ಲಿನ ಮೂಲ ವೈದ್ಯ ಪದವಿಯ ಕಾಲೇಜುಗಳಿಗೆ ಒಂದು ಕೇಂದ್ರೀಕೃತ ಅರ್ಜಿ, ಪಾದವೈದ್ಯದ ಅಂದರೆ ಪೊಡಿಯಾಟ್ರಿಯ ಕಾಲೇಜುಗಳಿಗೆ ಇನ್ನೊಂದು. ಬರೆಯುವ ಎಂಕ್ಯಾಟ್ ಪ್ರವೇಶ ಪರೀಕ್ಷೆ ಒಂದೇ, ಅಂಕಪಟ್ಟಿಯೂ ಒಂದೇ. ‘ನಾನೇಕೆ ವೈದ್ಯಳಾಗಬೇಕು’ ಎಂಬ ಪ್ರಬಂಧ ಮಾತ್ರ ಎರಡು. ನಮ್ಮಲ್ಲಿ ನೀಟ್ ರ‍್ಯಾಂಕ್ ಹಿಡಿದು ಕೆಇಎ ಮುಂದೆ ಎಂಬಿಬಿಎಸ್, ಬಿಡಿಎಸ್, ಆಯುರ್ವೇದ ಎಂದು ಆಪ್ಷನ್ ಎಂಟ್ರಿ ಮಾಡಿ ಕೂತರೆ, ಯಾವ ಸೀಟು ಎಂಬುದನ್ನು ಯಂತ್ರವೇ ಹೇಳುತ್ತದೆ. ಅಲ್ಲಿ ಹಾಗಲ್ಲ. ಎರಡೂ ಬಾಗಿಲುಗಳ ಮುಂದೆ ನಿಂತು, ನಿಮ್ಮ ಮನೆಯೇ ನನಗೆ ಬೇಕಾಗಿದ್ದದ್ದು ಎಂದು ನಂಬಿಸಬೇಕು.

ಎರಡು ಬಾಗಿಲು ಬಂದದ್ದು ಹೇಗೆ? ‘ಕಿರೋಪೊಡಿ’ ಎಂಬ ಪದ ಚಲಾವಣೆಗೆ ಬಂದದ್ದು 1785ರಲ್ಲಿ ಲಂಡನ್ನಿನ ಡೇವಿಡ್ ಲೋ ಬರೆದ ಪುಸ್ತಕದಿಂದ. ಗ್ರೀಕಿನಲ್ಲಿ ಕೈ ಮತ್ತು ಪಾದಗಳಿಗಿರುವ ಶಬ್ದಗಳನ್ನು ಹೊಲಿದು ಮಾಡಿದ ಹೆಸರು. ಆಗ ವೈದ್ಯರಿಗೆ ಆಣಿ, ಉಗುರುಸುತ್ತು, ಒಡೆದ ಹಿಮ್ಮಡಿ ಎಂದರೆ ಮೂಗು ಮುರಿಯುವ ವಿಷಯ. ಸಂತೆಯಲ್ಲಿ ಚಾಕು ಹಿಡಿದು ಕೂತವರೇ ಜನರಿಗೆ ಗತಿ. ಅಮೆರಿಕದಲ್ಲೂ ಇದೇ ಕಥೆ. 1895ರಲ್ಲಿ ನ್ಯೂಯಾರ್ಕಿನ ಪಾದ ಚಿಕಿತ್ಸಕರು ಸಂಘ ಕಟ್ಟಿಕೊಂಡರು. ತಮ್ಮ ಹೆಸರು ಕೆಡಿಸುವ ಸಂತೆ ವೈದ್ಯರಿಂದ ಬೇರೆಯಾಗುವುದು ಅವರಿಗೆ ಬೇಕಿತ್ತು.

ಆಮೇಲೆ ಬಂದದ್ದು 1910. ಆ ವರ್ಷ ಅಬ್ರಹಾಂ ಫ್ಲೆಕ್ಸ್‌ನರ್ ಎಂಬ ಶಿಕ್ಷಕ ಅಮೆರಿಕ, ಕೆನಡಾಗಳ 155 ವೈದ್ಯಕೀಯ ಶಾಲೆಗಳನ್ನು ಸುತ್ತಿ ಒಂದು ವರದಿ ಕೊಟ್ಟರು. ಪ್ರಯೋಗಾಲಯವಿಲ್ಲದ, ಶುಲ್ಕ ಕಟ್ಟಿದವನಿಗೆಲ್ಲ ಪದವಿ ಹಂಚುವ ಶಾಲೆಗಳ ಮಾನ ಹರಾಜಾಯಿತು. ಹಲವು ಮುಚ್ಚಿದವು, ಉಳಿದವು ವಿಶ್ವವಿದ್ಯಾಲಯಗಳ ತೆಕ್ಕೆಗೆ ಬಿದ್ದವು. ಎಂ.ಡಿ. ಎಂಬ ಎರಡಕ್ಷರಕ್ಕೆ ಇಂದಿರುವ ತೂಕ ಬಂದದ್ದು ಹೆಚ್ಚಾಗಿ ಆ ಗುಡಿಸುವಿಕೆಯಿಂದ. ಪಾದದ ಕಸುಬು ಮಾತ್ರ ಫ್ಲೆಕ್ಸ್‌ನರ್ ಪಟ್ಟಿಯಲ್ಲೇ ಇರಲಿಲ್ಲ. ಮನೆ ಗುಡಿಸುವಾಗ ಅದು ಜಗುಲಿಯಾಚೆ ನಿಂತಿತ್ತು.

ಹಾಗಾಗಿ ಅದು ತನ್ನದೇ ಮನೆ ಕಟ್ಟಿಕೊಂಡಿತು. 1911ರಲ್ಲಿ ನ್ಯೂಯಾರ್ಕಿನಲ್ಲಿ ಕಿರೋಪೊಡಿ ಶಾಲೆ ಆರಂಭವಾಯಿತು. ಅದರ ಹಿಂದಿದ್ದ ಮಾರಿಸ್ ಲೂಯಿ ಸ್ವತಃ ಎಂ.ಡಿ., ರಾಜ್ಯದ ವೈದ್ಯ ಪರೀಕ್ಷಾ ಮಂಡಳಿಯ ಕಾರ್ಯದರ್ಶಿಯಾಗಿದ್ದವರು ಎಂಬುದು ಗಮನಿಸಬೇಕಾದ ಸಂಗತಿ. ‘ಪೊಡಿಯಾಟ್ರಿ’ ಎಂಬ ಹೊಸ ಹೆಸರು ಕೊಟ್ಟ ಶ್ರೇಯಸ್ಸನ್ನೂ ಅವರಿಗೇ ಕೊಡುತ್ತಾರೆ. ಕೈ ಬಿಟ್ಟು ಪಾದವನ್ನಷ್ಟೇ ಉಳಿಸಿಕೊಂಡು, ಪಕ್ಕದಲ್ಲಿ ‘ವೈದ್ಯ’ನನ್ನು ಕೂರಿಸಿದ ಹೆಸರು ಅದು. ನೂರರ ಹೊಸ್ತಿಲಲ್ಲಿ, 1957ರಲ್ಲಿ, ಲೂಯಿ ತೀರಿಕೊಂಡರು.

ನ್ಯೂಯಾರ್ಕಿನ ಶಾಲೆಯ ಮರುವರ್ಷ, 1912ರಲ್ಲಿ, ಶಿಕಾಗೋದಲ್ಲಿ ಶಾಲೆ ತೆರೆದವರು ವಿಲಿಯಂ ಶೋಲ್. ಔಷಧಿ ಅಂಗಡಿಯಲ್ಲಿ ಆಣಿಪಟ್ಟಿಯ ಮೇಲೆ ನಮ್ಮವರೂ ಕಂಡಿರುವ ಹೆಸರು ಅದೇ. ಇಂಡಿಯಾನಾದ ರೈತ ಕುಟುಂಬದ ಹುಡುಗ, ಚಪ್ಪಲಿ ಹೊಲಿಯುವುದನ್ನು ಕಲಿತು, ಶೂ ಅಂಗಡಿಯಲ್ಲಿ ದುಡಿಯುತ್ತಲೇ ಓದಿ 1904ರಲ್ಲಿ ಎಂ.ಡಿ. ಆದ. ಅಂಗಡಿಯಿಂದ ಅಂಗಡಿಗೆ ಹೋಗಿ ಪಾದದ ಅಸ್ಥಿಪಂಜರವನ್ನೇ ತೆಗೆದು ಗಲ್ಲಾದ ಮೇಲಿಟ್ಟು ಮಾತು ಶುರು ಮಾಡುತ್ತಿದ್ದನೆಂದು ಹೇಳುತ್ತಾರೆ. ವ್ಯಾಪಾರಿಯೋ ವೈದ್ಯನೋ ಎಂಬ ಗುಮಾನಿ ಈ ಕಸುಬನ್ನು ಬಹುಕಾಲ ಬಿಡದಿದ್ದರೆ, ಅದರಲ್ಲಿ ಆ ಎಲುಬಿನ ಪಾಲೂ ಇತ್ತು.

ಮೂರನೆಯ ಬಾಗಿಲೂ ಒಂದಿದೆ, ಆಸ್ಟಿಯೋಪಥಿಯದ್ದು. 1892ರಲ್ಲಿ ಮಿಸ್ಸೌರಿಯ ಕರ್ಕ್ಸ್‌ವಿಲ್‌ನಲ್ಲಿ ಮೊದಲ ಶಾಲೆ ಕಂಡ ಅದನ್ನೂ ಎಂ.ಡಿ.ಗಳು ಬಹುಕಾಲ ಹೊರಗಿಟ್ಟಿದ್ದರು. ಆದರೆ 1962ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಒಂದು ವಿಚಿತ್ರ ನಡೆಯಿತು. 65 ಡಾಲರ್ ಕಟ್ಟಿದ ಡಿ.ಒ. ಅಂದರೆ ಆಸ್ಟಿಯೋಪಥಿ ಪದವಿಯ ವೈದ್ಯರಿಗೆ ಎಂ.ಡಿ. ಪದವಿ ಸಿಕ್ಕಿತು. ಸುಮಾರು ಎರಡು ಸಾವಿರ ಜನ ಸಾಲುಗಟ್ಟಿ ತಮ್ಮ ಬೋರ್ಡಿನ ಅಕ್ಷರ ಬದಲಿಸಿಕೊಂಡರು, ಅವರ ಕಾಲೇಜೇ ಎಂ.ಡಿ. ಕಾಲೇಜಾಯಿತು. ಇಡೀ ದೇಹ ನೋಡುವ ಆಸ್ಟಿಯೋಪಾಥರನ್ನು ನುಂಗಿಕೊಳ್ಳುವುದು ಎಂ.ಡಿ.ಗಳಿಗೆ ಲಾಭದ್ದಾಗಿ ಕಂಡಿರಬೇಕು. ಪಾದದವರನ್ನು ಹಾಗೆ ಯಾರೂ ಕರೆಯಲಿಲ್ಲ. ಅವರು ತಮ್ಮ ಓದನ್ನು ತಾವೇ ಉದ್ದ ಮಾಡಿಕೊಂಡರು. ವಿವಿಧ ಪದವಿಗಳು ಹೋಗಿ 1960ರ ದಶಕದಲ್ಲಿ ಡಿ.ಪಿ.ಎಂ. ಎಂಬ ಪಾದವೈದ್ಯ ಪದವಿ ಬಂತು. ಈಗ ನಾಲ್ಕು ವರ್ಷ ಓದಿದ ಮೇಲೆ ಮೂರು ವರ್ಷ ರೆಸಿಡೆನ್ಸಿ.

ಈ ಕಸುಬಿನ ಬೆಲೆ ಏರಿಸಿದ್ದು ಆಣಿಯಲ್ಲ, ಸಕ್ಕರೆ ಕಾಯಿಲೆ. ಅದರಲ್ಲಿ ದಕ್ಷಿಣ ಭಾರತದ ಋಣವೂ ಇದೆ. ಕೊಲ್ಲಿಮಲೆಯಲ್ಲಿ ಹುಟ್ಟಿದ ಡಾ. ಪಾಲ್ ಬ್ರಾಂಡ್ 1946ರಿಂದ ವೆಲ್ಲೂರಿನಲ್ಲಿ ಕುಷ್ಠರೋಗಿಗಳ ಕಾಲು ನೋಡುತ್ತ ಕಂಡುಕೊಂಡದ್ದು ಇಷ್ಟು: ರೋಗ ಪಾದವನ್ನು ತಿನ್ನುವುದಿಲ್ಲ, ನೋವು ಗೊತ್ತಾಗದ್ದರಿಂದ ಪಾದ ತಾನೇ ಸವೆಯುತ್ತದೆ. 1966ರಲ್ಲಿ ಅಮೆರಿಕದ ಕಾರ್ವಿಲ್‌ನ ಕುಷ್ಠರೋಗ ಆಸ್ಪತ್ರೆಗೆ ಹೋದ ಅವರು ಅದೇ ತಿಳಿವನ್ನು ಮಧುಮೇಹಿಗಳ ಹುಣ್ಣಿಗೂ ಹಚ್ಚಿದರು. ಹುಣ್ಣಿನ ಮೇಲೆ ಭಾರ ಬೀಳದಂತೆ ಪಾದಕ್ಕೆ ಒತ್ತಾಗಿ ಹಾಕುವ ಪ್ಲಾಸ್ಟರ್ ಪಟ್ಟು ಅಲ್ಲಿ ಬೇರೂರಿತು. ಸಕ್ಕರೆ ಕಾಯಿಲೆಯವರಿಗೆಂದು ನಮ್ಮ ಅಂಗಡಿಗಳಲ್ಲಿ ಮಾರುವ ಮೆತ್ತನೆಯ ಎಂಸಿಆರ್ ಚಪ್ಪಲಿಯೂ ಅದೇ ಕಾಲದ ಕುಷ್ಠ ಚಿಕಿತ್ಸೆಯ ಕೂಸು. ಕರ್ನಾಟಕದಲ್ಲಿ ಪೊಡಿಯಾಟ್ರಿ ಎಂಬ ಬೋರ್ಡು ಕಾಣಿಸಿಕೊಂಡದ್ದು ತೀರಾ ಈಚೆಗೆ, ಅದೂ ಎಂಬಿಬಿಎಸ್ ಮುಗಿಸಿದ ವೈದ್ಯರ ಹೆಚ್ಚುವರಿ ಕಲಿಕೆಯಾಗಿ. ಇಲ್ಲಿ ಬಾಗಿಲು ಒಂದೇ, ಪಾದ ಅದರೊಳಗಿನ ಒಂದು ಕೋಣೆ.

ಅಲ್ಲಿ ಈಗ ಪಾದವೈದ್ಯ ಕಾಲೇಜುಗಳು 11, ಎಂ.ಡಿ. ಕಾಲೇಜುಗಳು 150ಕ್ಕೂ ಹೆಚ್ಚು. 528ರವರೆಗಿನ ಎಂಕ್ಯಾಟ್‌ನಲ್ಲಿ ಎಂ.ಡಿ. ಸೀಟು ಸಿಕ್ಕವರ ಸರಾಸರಿ 511ರ ಆಸುಪಾಸು, ಪೊಡಿಯಾಟ್ರಿಯವರದು 500ಕ್ಕೂ ಕೆಳಗೆ. ಎರಡೂ ಕಡೆ ಅರ್ಜಿ ಹಾಕಿದವರನ್ನು ಸಂದರ್ಶನದಲ್ಲಿ ಕಾಡುವುದು ಈ ಅಂತರವೇ. ಪೊಡಿಯಾಟ್ರಿಯವರು ಕೇಳುವ ಪ್ರಶ್ನೆಯ ಹಿಂದೆ ನೂರು ವರ್ಷದ ಮುನಿಸಿದೆ: ಅಲ್ಲಿ ಸಿಗಲಿಲ್ಲವೆಂದು ಇಲ್ಲಿಗೆ ಬಂದೆಯಾ? ಅದಕ್ಕೇ ಅವರು ಪಾದವೈದ್ಯರ ಬೆನ್ನ ಹಿಂದೆ ನಿಂತು ಕೆಲಸ ನೋಡಿದ್ದೀಯಾ, ಅವರಿಂದ ಪತ್ರ ತಂದಿದ್ದೀಯಾ ಎಂದು ಕೆದಕುತ್ತಾರೆ. ಹುಣ್ಣಿನ ವಾಸನೆ ತಡೆದುಕೊಂಡು ನಾಲ್ಕು ದಿನ ನಿಂತವಳಿಗೆ ಪ್ರಬಂಧ ಬರೆಯುವುದು ಸುಲಭ. ವೈದ್ಯಕೀಯದ ಪ್ರಬಂಧದಲ್ಲೇ ಒಂದು ಪದ ಬದಲಿಸಿ ಕಳಿಸಿದವಳು ಮೊದಲ ಸಾಲಿಗೇ ಸಿಕ್ಕಿಬೀಳುತ್ತಾಳೆ.

ಐಯೋವಾದ ಡಿ ಮೊಯಿನ್ ವಿಶ್ವವಿದ್ಯಾಲಯದಲ್ಲಿ ಡಿ.ಒ. ಮತ್ತು ಡಿ.ಪಿ.ಎಂ. ವಿದ್ಯಾರ್ಥಿಗಳು ಮೊದಲ ಎರಡು ವರ್ಷದ ಮೂಲ ವಿಜ್ಞಾನದ ಬಹುಪಾಲು ಪಾಠಗಳನ್ನು ಒಟ್ಟಿಗೆ ಕೂತು ಕೇಳುತ್ತಾರೆ. ಮೇಷ್ಟ್ರು ಅವರೇ, ಪುಸ್ತಕ ಅದೇ. ಆಮೇಲೆ ಪರವಾನಗಿಗೆ ಬರೆಯುವ ಪರೀಕ್ಷೆ ಮಾತ್ರ ಬೇರೆ ಬೇರೆ.